ಕಂಪನಿ ಅಂದ್ರೆ ಜೊತೆಗೆ ರೊಟ್ಟಿ ತಿಂದೋರು

ನಾನು ಹುಟ್ಟಿ ಬೆಳೆದ ರಾಬರ್ಟ್‌ಸನ್‌ಪೇಟೆಯಲ್ಲಿ ‘ಕಂಪನಿ’ ಅಂದರೆ ಒಂದೇ. ಯಾವ ಕಂಪನಿ ಅಂತ ಯಾರೂ ಕೇಳ್ತಿರಲಿಲ್ಲ. ಚಿನ್ನದ ಗಣಿಯೇ ಕಂಪನಿ. ಗಣಿ ಕೈ ಬದಲಾಯಿಸಿ ಸರ್ಕಾರದ್ದಾದ ಮೇಲೂ ಹಳಬರ ಬಾಯಲ್ಲಿ ಅದು ಕಂಪನಿಯಾಗೇ ಉಳೀತು. ನಮ್ಮ ತಾತನಿಗೆ ಪೇಟೆಯಲ್ಲೊಂದು ದಿನಸಿ ಅಂಗಡಿ ಇತ್ತು. “ಕಂಪ್ನಿ ಸಂಬಳ ಆದ್ರೆ ಪೇಟೆಗೆ ಹಬ್ಬ ಕಣೋ” ಅನ್ನೋರು.

ಕಳೆದ ವರ್ಷ ನಾನಿದ್ದ ಆಫೀಸಿನಲ್ಲಿ ಒಂದು ಶುಕ್ರವಾರ ಮೇಲ್ ಬಂತು. ‘ನಾವೆಲ್ಲ ಒಂದೇ ಕುಟುಂಬ’ ಅಂತ ಶುರುವಾಗಿ, ಕೆಲವರು ಸೋಮವಾರದಿಂದ ಬರಬೇಕಾಗಿಲ್ಲ ಅಂತ ಮುಗಿದಿತ್ತು. ಪಕ್ಕದ ಸೀಟಿನ ಗೆಳೆಯ ಹೋದ, ನಾನು ಉಳಿದೆ. ಆ ರಾತ್ರಿ ಸುಮ್ಮನೆ ನಿಘಂಟು ತೆಗೆದು ‘ಕಂಪನಿ’ ಪದ ಎಲ್ಲಿಂದ ಬಂತು ಅಂತ ನೋಡಿದೆ.

ಲ್ಯಾಟಿನ್‌ನಲ್ಲಿ ‘ಕಾಮ್’ ಅಂದರೆ ಜೊತೆಗೆ, ‘ಪಾನಿಸ್’ ಅಂದರೆ ರೊಟ್ಟಿ. ಜೊತೆಗೆ ಕೂತು ರೊಟ್ಟಿ ತಿನ್ನುವವನು ‘ಕಾಂಪಾನಿಯೋ’. ಅಲ್ಲಿಂದ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದಿದ್ದು ಕಂಪನಿ. ಅದೇ ‘ಪಾನಿಸ್’ ಪೋರ್ಚುಗೀಸರ ಬಾಯಲ್ಲಿ ‘ಪಾಂವ್’ ಆಗಿ ನಮ್ಮ ಪಾವ್‌ಭಾಜಿಯ ಪಾವ್ ಆಯ್ತು. ಅಂದರೆ ಕಂಪನಿಗೂ ಪಾವಿಗೂ ಒಂದೇ ಬೇರು! ‘ಬಾರೋ, ಸ್ವಲ್ಪ ಕಂಪನಿ ಕೊಡು’ ಅಂತೀವಲ್ಲ, ಹಳೇ ಅರ್ಥ ಇನ್ನೂ ಜೀವಂತವಾಗಿರೋದು ಅಲ್ಲೇ.

ವ್ಯಾಪಾರದ ಅರ್ಥ ಬಂದಿದ್ದು ಆಮೇಲೆ. ಮಧ್ಯಯುಗದ ಇಟಲಿಯ ಫ್ಲಾರೆನ್ಸ್‌ನಲ್ಲಿ ಕುಟುಂಬದವರು, ನಂಟರು ಸೇರಿ ‘ಕಂಪಾನ್ಯಿಯಾ’ ಮಾಡಿಕೊಂಡು ವ್ಯಾಪಾರ ಮಾಡೋರು. ಲಾಭ ಬಂದರೆ ಎಲ್ಲರಿಗೂ ಪಾಲು, ಮುಳುಗಿದರೆ ಸಾಲ ತೀರಿಸೋಕೆ ಎಲ್ಲರ ಮನೆಮಠವೂ ಹೋಗ್ತಿತ್ತು. ಒಂದೇ ಪಂಕ್ತಿಯ ಊಟ, ಒಂದೇ ಪಂಕ್ತಿಯ ಉಪವಾಸ.

ನಮಗೆ ಈ ಪದ ಬಂದಿದ್ದು ಹಾಗಲ್ಲ. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಸನ್ನದು ಕೊಟ್ಟ ಈಸ್ಟ್ ಇಂಡಿಯಾ ಕಂಪನಿ, ಮುಂದೆ ಸೈನ್ಯ ಕಟ್ಟಿ, ಕಂದಾಯ ಎತ್ತಿ, ನಮ್ಮ ಲಾವಣಿಕಾರರ ಬಾಯಲ್ಲಿ ‘ಕುಂಪಣಿ ಸರಕಾರ’ ಆಯ್ತು. ಅಂಗಡಿ ಇಡೋಕೆ ಬಂದೋನು ಮನೆ ಯಜಮಾನನೇ ಆದ ಕಥೆ. ಕನ್ನಡದಲ್ಲಿ ಹಳೇ ಅರ್ಥಕ್ಕೆ ಹತ್ತಿರ ಉಳಿದಿದ್ದು ನಾಟಕ ಕಂಪನಿಗಳು ಮಾತ್ರ ಅನ್ಸುತ್ತೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥವು ಊರೂರು ಅಲೆಯುತ್ತಾ, ಒಟ್ಟಿಗೇ ಬಿಡಾರ ಹೂಡಿ, ಒಂದೇ ಒಲೆಯ ಅಡುಗೆ ಉಂಡವು.

ಇನ್ನು ನಮ್ಮೂರಿನದು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೋಲಾರದ ಗಣಿಗೆ ಕೈ ಹಾಕಿತು. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ, ಹೀಗೆ ಒಂದೊಂದು ಗಣಿಗೂ ಒಂದೊಂದು ಕಂಪನಿ. ಷೇರುದಾರರು ಲಂಡನ್ನಿನಲ್ಲಿ. 1855ರಲ್ಲೇ ಬ್ರಿಟನ್ ಕಾನೂನು ಮಾಡಿ ‘ಲಿಮಿಟೆಡ್’ ಅನ್ನೋ ಬಾಲಕ್ಕೆ ಬಲ ಕೊಟ್ಟಿತ್ತು. ಕಂಪನಿ ಮುಳುಗಿದರೆ ಷೇರುದಾರನಿಗೆ ಹೋಗೋದು ಹಾಕಿದ ದುಡ್ಡು ಮಾತ್ರ, ಮನೆಮಠ ಅಲ್ಲ. ಇದು ಕೆಟ್ಟದ್ದೇನಲ್ಲ. ಇದಿಲ್ಲದೆ ಅಷ್ಟು ದೊಡ್ಡ ಗಣಿಗೆ ಅಷ್ಟು ಜನರ ಬಂಡವಾಳ ಸೇರೋದು ಕಷ್ಟವಿತ್ತು. 1902ರಲ್ಲಿ ಶಿವನಸಮುದ್ರದಿಂದ ಕರೆಂಟೂ ಬಂತು, ಬೆಂಗಳೂರಿಗಿಂತ ಮೂರು ವರ್ಷ ಮುಂಚೆ.

ಆದರೆ ಮೂರು ಕಿಲೋಮೀಟರಿಗೂ ಆಳಕ್ಕೆ, ಕುದಿಯೋ ಸೆಕೆಗೆ, ಬಂಡೆ ಸಿಡಿಯೋ ಜಾಗಕ್ಕೆ ಇಳಿದವರ ನಷ್ಟಕ್ಕೆ ‘ಲಿಮಿಟೆಡ್’ ಇರಲಿಲ್ಲ. ರೊಟ್ಟಿ ಲಂಡನ್ನಿನಲ್ಲಿ, ಒಲೆ ಇಲ್ಲಿ.

1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು, ಆಮೇಲೆ ಕೇಂದ್ರ ಸರ್ಕಾರ. ಚಿನ್ನ ಕಮ್ಮಿಯಾಗಿ ಖರ್ಚು ಏರಿ, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅವತ್ತು ತಾತನ ಉದ್ದರಿ ಪುಸ್ತಕದಲ್ಲಿ ಎಷ್ಟೋ ಮನೆಗಳ ಲೆಕ್ಕ ಬಾಕಿ ಇತ್ತು. ಕೊಡೋಕೆ ಯಾರ ಹತ್ರಾನೂ ದುಡ್ಡಿಲ್ಲ. ತಾತ ಇನ್ನೂ ಕೆಲವು ತಿಂಗಳು ಅಕ್ಕಿ ಬೇಳೆ ಕೊಡ್ತಾನೇ ಇದ್ದರು. ಅಜ್ಜಿ ಬೈದರೆ, “ಇಷ್ಟು ವರ್ಷ ಅವರ ಸಂಬಳದಲ್ಲಿ ತಾನೇ ನಾವೂ ಉಂಡಿದ್ದು?” ಅಂತಿದ್ದರು. ಕೆಲವರು ಆಮೇಲೆ ತೀರಿಸಿದರು, ಕೆಲವರು ಊರೇ ಬಿಟ್ಟರು. ಅಂಗಡಿಯೂ ನಿಂತಿತು.

ಇವತ್ತು ನಮ್ಮೂರಿನ ಸಾವಿರಾರು ಜನ ಬೆಳಕು ಹರಿಯೋ ಮೊದಲೇ ಮಾರಿಕುಪ್ಪಂ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿನ ಬೇರೆ ಬೇರೆ ಕಂಪನಿಗಳಿಗೆ ಹೋಗ್ತಾರೆ. ಹಬ್ಬಕ್ಕೆ ಊರಿಗೆ ಹೋಗಿ ವಾಪಸ್ಸು ಬರುವಾಗ ನಾನೂ ಅದರಲ್ಲೇ ಬರ್ತೀನಿ. ಮೊನ್ನೆ ಎದುರು ಸೀಟಿನ ನಾಲ್ವರು ಡಬ್ಬಿ ಬಿಚ್ಚಿ, ಒಬ್ಬರ ಚಿತ್ರಾನ್ನ ಇನ್ನೊಬ್ಬರ ಇಡ್ಲಿ ಹಂಚಿಕೊಂಡು, ನನಗೂ ಒಂದು ಇಡ್ಲಿ ಕೊಟ್ಟರು. “ಒಂದೇ ಕಂಪನೀನಾ?” ಅಂತ ಕೇಳಿದೆ.

“ಇಲ್ಲಪ್ಪಾ, ನಾಲ್ಕು ಜನಾನೂ ಬೇರೆ ಬೇರೆ” ಅಂದರು.

ನಿಘಂಟಿನ ಪ್ರಕಾರ ಅದು ತಪ್ಪು ಉತ್ತರ. ಇಳಿದ ಮೇಲೆ, ಕೆಲಸ ಹೋದ ಆ ಗೆಳೆಯನಿಗೆ ಫೋನ್ ಮಾಡಿ ಊಟಕ್ಕೆ ಕರೆದೆ. ಮೊದಲೇ ಕರೆಯಬೇಕಿತ್ತು.