ದೇವರೇ ಕಳಿಸಿದ ಕಳ್ಳಿ

'ಕಾಮಿಕಾಜೆ ಕೈತೋ ಜಾನ್', ಜಪಾನಿ ಮಾಂಗಾ (ಚಿತ್ರಕಥೆ)
ರಚನೆ: ಅರಿನಾ ತಾನೆಮುರಾ. 'ರಿಬನ್' ಮಾಸಪತ್ರಿಕೆಯಲ್ಲಿ ಧಾರಾವಾಹಿ, 1998–2000. ಒಟ್ಟು 7 ಸಂಪುಟ.

ಹಗಲಿನಲ್ಲಿ ಮರೋನ್ ಕುಸಾಕಾಬೆ ಹೈಸ್ಕೂಲು ಹುಡುಗಿ, ಶಾಲೆಯ ಜಿಮ್ನಾಸ್ಟಿಕ್ಸ್ ತಂಡದವಳು. ಅಪ್ಪ ಅಮ್ಮ ಜೊತೆಗಿಲ್ಲ, ಮನೆಯಲ್ಲಿ ಒಬ್ಬಳೇ. ರಾತ್ರಿಯಾದರೆ ಜಾನ್ ಎಂಬ ಮಾಯಾವಿ ಕಳ್ಳಿ. 1431ರಲ್ಲಿ ಫ್ರಾನ್ಸಿನ ರೂಆಂನಲ್ಲಿ ಜೀವಂತ ಸುಡಲಾದ ಜೋನ್ ಆಫ್ ಆರ್ಕ್‌ಳ ಮರುಹುಟ್ಟು ಅವಳು. ಫಿನ್ ಎಂಬ ಪುಟ್ಟ ದೇವದೂತೆ ಬಂದು ಇದನ್ನು ತಿಳಿಸುತ್ತಾಳೆ. ಮರೋನ್‌ಗೆ ದೇವರ ಬಲ ಸಿಗುವುದೂ ಫಿನ್ ಮೂಲಕವೇ.

ಕೆಲಸ ಮಾತ್ರ ವಿಚಿತ್ರ. ಕಲಾಕೃತಿಗಳಲ್ಲಿ ಅಡಗಿ, ನೋಡುವವರ ಮನಸ್ಸು ಕೆಡಿಸುವ ದೆವ್ವಗಳನ್ನು ಅವಳು ಚದುರಂಗದ ಕಾಯಿಗಳಾಗಿ ಬಂಧಿಸಬೇಕು. ದೆವ್ವದ ಜೊತೆ ಚಿತ್ರವೂ ಮಾಯ! ಹಾಗಾಗಿ ಊರಿಗೆಲ್ಲ ಅವಳು ಕಳ್ಳಿಯೇ. ಅವಳನ್ನು ಹಿಡಿದೇ ತೀರುತ್ತೇನೆಂದು ಹಟ ಹಿಡಿದವಳು ಆಪ್ತಗೆಳತಿ ಮಿಯಾಕೊ, ಪೊಲೀಸ್ ಅಧಿಕಾರಿಯ ಮಗಳು. ಕಥೆಯ ನಿಜವಾದ ರುಚಿ ಇರುವುದು ದೆವ್ವಗಳ ಬೇಟೆಗಿಂತ ಈ ಗೆಳೆತನದಲ್ಲಿ, ಒಂಟಿ ಮನೆಯ ಮೌನದಲ್ಲಿ.

ತಾನೆಮುರಾ ಆಗ ಇಪ್ಪತ್ತರ ಆಸುಪಾಸಿನವರು. ಗಾಳಿಗೆ ಹರಡಿದ ಕೂದಲು, ರಿಬ್ಬನ್ನು, ಪುಟದ ಅರ್ಧ ತುಂಬುವ ಕಣ್ಣುಗಳು ಅವರ ಗುರುತು. 1999ರಲ್ಲಿ ತೋಯೆ ಸಂಸ್ಥೆ ಈ ಕಥೆಯನ್ನು 44 ಕಂತುಗಳ ಟಿ.ವಿ. ಸರಣಿಯಾಗಿಸಿತು.

ಓದುವುದಾದರೆ, ಜಪಾನಿ ಕ್ರಮದಂತೆ ಪುಟಗಳನ್ನು ಬಲದಿಂದ ಎಡಕ್ಕೆ ನೋಡುತ್ತಾ ಹೋಗಿ.