ಭೂಕಂಪವೂ ಆಸ್ಪತ್ರೆಯೂ

ಭೂಮಿ ನಡುಗಿದ ದಿನ ಗಾಯಗೊಂಡವರು ಮೊದಲು ನೆನೆಯುವುದು ಆಸ್ಪತ್ರೆಯನ್ನು. ಆ ಆಸ್ಪತ್ರೆಯೇ ನೆಲಕಚ್ಚಿದರೆ ಗತಿಯೇನು?

ಅಮೆರಿಕದ ಲಾಸ್ ಏಂಜಲಿಸ್ ಸೀಮೆಯ ಆಲಿವ್ ವ್ಯೂ ಆಸ್ಪತ್ರೆಗೆ ಒದಗಿದ್ದು ಇಂಥ ಗತಿಯೇ. ಹೊಸದಾಗಿ ಕಟ್ಟಿದ್ದ ಆ ಭವನ 1971ರ ಫೆಬ್ರವರಿ 9ರ ಭೂಕಂಪದಲ್ಲಿ ಹಾಳಾಯಿತು. ಮೆಟ್ಟಿಲುಗಳ ಗೋಪುರಗಳು ಕಳಚಿ ಉರುಳಿದುವು. ಇದರಿಂದ ಎಚ್ಚೆತ್ತ ಕ್ಯಾಲಿಫೋರ್ನಿಯ ಸರ್ಕಾರ ಕಾಯಿದೆಯೊಂದನ್ನು ಮಾಡಿತು. ಹೊಸ ಆಸ್ಪತ್ರೆ ಬೀಳದಿದ್ದರೆ ಸಾಲದು, ಕಂಪನದ ತರುವಾಯವೂ ಕೆಲಸಕ್ಕೆ ಬರುವಂತಿರಬೇಕೆಂಬುದು ಅದರ ತಿರುಳು. ಆಲಿವ್ ವ್ಯೂ ಉಕ್ಕಿನ ಗೋಡೆಗಳೊಡನೆ ಮತ್ತೆ ತಲೆಯೆತ್ತಿತು.

1994ರ ಜನವರಿ 17ರ ನಸುಕಿನಲ್ಲಿ ಅಲ್ಲಿ ಮತ್ತೊಮ್ಮೆ ಭೂಮಿ ನಡುಗಿತು. ಕಟ್ಟಡವೇನೋ ಗಟ್ಟಿಯಾಗಿ ನಿಂತಿತು. ಆದರೆ ಬೆಂಕಿಯಾರಿಸಲು ಒಳಗೆ ಹಾಯಿಸಿದ್ದ ನೀರಿನ ಕೊಳವೆಗಳೇ ಒಡೆದುವು! ನೀರು ನುಗ್ಗಿ, ರೋಗಿಗಳನ್ನು ಬೇರೆಡೆಗೆ ಸಾಗಿಸಬೇಕಾಯಿತು. ಮೈ ಗಟ್ಟಿಯಿದ್ದೂ ನರ ಹರಿದಂತಾಯಿತು.

ಅದೇ ನಗರದ ವಿಶ್ವವಿದ್ಯಾಲಯದ ಆಸ್ಪತ್ರೆಯಾದರೋ ಅಂದು ಕೆಲಸ ನಿಲ್ಲಿಸಲಿಲ್ಲ. ಸೀಸವನ್ನೂ ರಬ್ಬರನ್ನೂ ಸೇರಿಸಿ ಮಾಡಿದ ದಿಂಬುಗಳ ಮೇಲೆ ಅದನ್ನು ಕೂರಿಸಿದ್ದರು. ನೆಲದ ಅಲುಗಾಟದ ಬಹುಪಾಲು ಅಲ್ಲಿಯೇ ಅಡಗಿತು. ಕಂಪನದ ಕೇಂದ್ರಕ್ಕೆ ಅದು ಅಷ್ಟು ಹತ್ತಿರವಿರಲಿಲ್ಲವೆಂಬುದನ್ನೂ ಹೇಳಬೇಕು.

ನಮ್ಮ ದೇಶವೂ ಈ ಪಾಠವನ್ನು ಕಲಿಯಬೇಕಾಯಿತು. 2001ರ ಜನವರಿ 26ರಂದು ಕಛ್ ಪ್ರಾಂತದ ಭುಜ್ ನಗರದ ಆಸ್ಪತ್ರೆ ಕುಸಿದುಬಿದ್ದಿತು. ವೈದ್ಯರು ಬಯಲಿನಲ್ಲಿಯೇ ಶುಶ್ರೂಷೆ ನಡೆಸಿದರು. ಮರಳಿ ಕಟ್ಟಿದ ಆಸ್ಪತ್ರೆಯನ್ನು ಅಂಥ ದಿಂಬುಗಳ ಮೇಲೆಯೇ ನಿಲ್ಲಿಸಲಾಗಿದೆ.