ಮಂಪರಿನ ಸಾಕ್ಷ್ಯ

ಈಥರಿನ ಕಾಲದಲ್ಲಿ ರೋಗಿಯು ಉಸಿರು ಕಟ್ಟಿದಂತಾಗಿ, ಕೈಕಾಲು ಬಡಿದು, ಬಹಳ ಹೊತ್ತಿನ ಮೇಲೆ ನಿದ್ರೆಗೆ ಜಾರುತ್ತಿದ್ದನು. ಆ ಸಂಕಟವನ್ನು ತಪ್ಪಿಸಿದ ಔಷಧಿಗಳಲ್ಲಿ ಪೆಂಟೋಥಾಲ್ ಎಂಬ ವ್ಯಾಪಾರದ ಹೆಸರಿನಿಂದ ಪ್ರಸಿದ್ಧವಾದ ಥಯೋಪೆಂಟಾಲ್ ಮುಖ್ಯವಾದುದು. ಅಮೆರಿಕದ ಅಬಟ್ ಕಂಪನಿಯ ವೋಲ್ವಿಲರ್ ಮತ್ತು ಟ್ಯಾಬರ್ನ್ ಎಂಬ ರಸಾಯನಜ್ಞರು ಅದನ್ನು ಸಿದ್ಧಪಡಿಸಿದರು. 1934ರ ಮಾರ್ಚ್ ತಿಂಗಳಲ್ಲಿ ಡಾ. ರಾಲ್ಫ್ ವಾಟರ್ಸ್ ಅದನ್ನು ಮೊದಲ ಬಾರಿಗೆ ರೋಗಿಯ ರಕ್ತನಾಳಕ್ಕೆ ಕೊಟ್ಟರು.

ಸೂಜಿ ಚುಚ್ಚಿದ ಅರೆನಿಮಿಷದೊಳಗೆ ನಿದ್ರೆ. ಒಂದೇ ಸಲ ಕೊಟ್ಟರೆ ಐದು ಹತ್ತು ನಿಮಿಷಗಳಲ್ಲಿ ಎಚ್ಚರ. ಎಚ್ಚರವಾಯಿತೆಂದರೆ ಔಷಧಿಯು ದೇಹವನ್ನು ಬಿಟ್ಟಿತೆಂದಲ್ಲ. ಮೊದಲು ಮಿದುಳಿಗೆ ನುಗ್ಗಿದ್ದು ಅಲ್ಲಿಂದಿಳಿದು ಸ್ನಾಯುಗಳಿಗೂ ಅನಂತರ ಕೊಬ್ಬಿಗೂ ಹಂಚಿಹೋಗಿರುತ್ತದೆ, ಅಷ್ಟೆ.

ಇದನ್ನೇ ಹನಿಹನಿಯಾಗಿ ಕೊಟ್ಟರೆ ಮನುಷ್ಯನು ನಿದ್ರೆಗೂ ಎಚ್ಚರಕ್ಕೂ ನಡುವೆ ತೂಗಾಡುತ್ತಾನೆ. ಆ ಸ್ಥಿತಿಯಲ್ಲಿ ಸುಳ್ಳು ಹೇಳಲಾರನೆಂಬ ನಂಬಿಕೆ ಈ ಔಷಧಿಗಿಂತಲೂ ಹಳೆಯದು. 1922ರಲ್ಲಿಯೇ ಟೆಕ್ಸಾಸಿನ ಡಾ. ರಾಬರ್ಟ್ ಹೌಸ್ ಸ್ಕೋಪೊಲಮೈನ್ ಎಂಬ ಬೇರೊಂದು ಮದ್ದನ್ನು ಕೈದಿಗಳ ಮೇಲೆ ಪ್ರಯೋಗಿಸಿದ್ದರು.

ಗುಂಡ್ಲುಪೇಟೆಯಲ್ಲಿ ಪತ್ರಿಕೆ ಓದುವ ನಮ್ಮಂಥವರ ಬಾಯಿಗೆ 'ಮಂಪರು ಪರೀಕ್ಷೆ' ಎಂಬ ಮಾತು ಬಂದದ್ದು ಈ ಶತಮಾನದ ಮೊದಲ ದಶಕದಲ್ಲಿ. ನಕಲಿ ಛಾಪಾ ಕಾಗದದ ಹಗರಣದ ಅಬ್ದುಲ್ ಕರೀಂ ತೆಲಗಿಯನ್ನು 2003ರಲ್ಲಿ ಬೆಂಗಳೂರಿನಲ್ಲಿ ಈ ಪರೀಕ್ಷೆಗೆ ಒಳಪಡಿಸಿದರು. ಅದರ ದೃಶ್ಯಗಳು ಮುಂದೆ ಟಿ.ವಿ.ಯಲ್ಲಿಯೂ ಬಂದವು. ಪೊಲೀಸರಿಗೆ ಬೆಂಗಳೂರಿನ ಈ ಪರೀಕ್ಷೆ ಸುಲಭದ ದಾರಿಯಾಗಿ ಕಂಡಿತು.

ಪದ ಚೆನ್ನಾಗಿದೆ. ಆದರೆ ಮಂಪರಿನಲ್ಲಿ ಆಡಿದ್ದಕ್ಕೆ ಕನ್ನಡದಲ್ಲಿ 'ಕನವರಿಕೆ' ಎಂಬ ಇನ್ನೊಂದು ಹೆಸರೂ ಉಂಟು. ಕನವರಿಸಿದವನ ಮಾತನ್ನು ಯಾವ ಪಂಚಾಯಿತಿಯೂ ಸಾಕ್ಷ್ಯವೆಂದು ಎತ್ತಿಕೊಂಡಂತೆ ಕಾಣೆ! ಮಂಪರಿನಲ್ಲಿರುವವನು ಕೇಳಿದವನ ಪ್ರಶ್ನೆಯನ್ನೇ ಉತ್ತರವಾಗಿ ಹಿಂದಿರುಗಿಸಬಹುದು. ಕಲ್ಪನೆಯನ್ನು ನೆನಪೆಂದು ಹೇಳಬಹುದು. ಗಟ್ಟಿಗನಾದರೆ ಗುಟ್ಟನ್ನು ಬಿಡದೆಯೂ ಇರಬಹುದು.

ಈ ವಿವಾದ 'ಸೆಲ್ವಿ ಮತ್ತು ಇತರರು ವಿರುದ್ಧ ಕರ್ನಾಟಕ ರಾಜ್ಯ' ಎಂಬ ಮೊಕದ್ದಮೆಯಾಗಿ ಸುಪ್ರೀಂ ಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಕೆ. ಜಿ. ಬಾಲಕೃಷ್ಣನ್ ಅವರಿದ್ದ ಮೂವರ ಪೀಠವು 2010ರ ಮೇ 5ರಂದು ತೀರ್ಪಿತ್ತಿತು: ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗೆ ಒಳಪಡಿಸಕೂಡದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕೆಂದು ಆರೋಪಿಯನ್ನು ಬಲವಂತಪಡಿಸಬಾರದೆನ್ನುವ ಸಂವಿಧಾನದ 20(3)ನೆಯ ವಿಧಿಯೇ ಇದಕ್ಕೆ ಮುಖ್ಯ ಆಧಾರವಾಯಿತು. ಒಪ್ಪಿ ಮಲಗಿದವನ ಮಂಪರಿನ ಮಾತು ಕೂಡ ತಾನಾಗಿಯೇ ಸಾಕ್ಷ್ಯವಾಗದು. ಅದರ ಸುಳಿವಿನಿಂದ ಆಮೇಲೆ ದೊರೆತ ವಸ್ತು ಅಥವಾ ಮಾಹಿತಿಯನ್ನು ಮಾತ್ರ ನ್ಯಾಯಾಲಯವು ಪರಿಗಣಿಸಬಹುದು.